ಹಾಕದೇ ಉಳಿದ ಬೆಲ್ ಹೌಸಿಂಗ್

ಮೆಟ್ಟಿಲ ಕೆಳಗಿನ ಹಳೆಯ ಸಾಮಾನನ್ನೆಲ್ಲ ಖಾಲಿ ಮಾಡಿಸುತ್ತಿದ್ದೆ. ಗೋಣಿಚೀಲವೊಂದನ್ನು ಎಳೆದಾಗ ಮೊದಲು ಹೊರಬಂದದ್ದು ಹಳೆಯ ಗ್ರೀಸಿನ ವಾಸನೆ. ಬಿಚ್ಚದೆಯೇ ಗೊತ್ತಾಯಿತು. ಒಳಗಿದ್ದದ್ದು ದಪ್ಪ ಉಕ್ಕಿನ ಬೆಲ್ ಹೌಸಿಂಗ್, ತಳವಿಲ್ಲದ ಕೊಳಗದಂಥದ್ದು. ಅಂಚಿನಲ್ಲಿ ಕುಂಕುಮದ ಬೊಟ್ಟೊಂದು ಕಪ್ಪಾಗಿ ಅಂಟಿಕೊಂಡಿತ್ತು. "ತಾಈ, ಹೇ ದ್ಯಾಯಚಂ ಕಾ?" ಇದನ್ನು ಕೊಡುತ್ತೀರಾ ಎಂದು ಗುಜರಿಯವನು ಮರಾಠಿಯಲ್ಲಿ ಆಸೆಯಿಂದ ಕೇಳಿದ. ಅವ್ವ ಕೊಟ್ಟು ಕಳಿಸು ಎಂದಳು. ಒಳಗಿನಿಂದ ಅಪ್ಪ, "ಅದು ಇರಲಿ" ಎಂದರು. ಅಷ್ಟೇ. ಮುಖದ ಮುಂದಿನ ಪೇಪರ್ ಕೆಳಗಿಳಿಯಲಿಲ್ಲ.

ಅದು ಪಕ್ಕದ ಮನೆಯ ಕಾಕಾ ಮಾಡಿಸಿ ತಂದದ್ದು. ಕಾಕಾ ಬಾಗಲಕೋಟೆ ಕಡೆಯವರು. ಇಲ್ಲಿಗೆ ಬಂದು ಊರಂಚಿನ ಕೊಂಢವಾದಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡು ಹಳೆಯ ಕಾರುಗಳನ್ನು ರಿಪೇರಿ ಮಾಡುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ತಮ್ಮ ಕೈಗೆ ಬಂದ ಯಾವುದೇ ಗಾಡಿ ಮೊದಲ ಸಲ ರಸ್ತೆಗಿಳಿಯುವಾಗ ಚಪ್ಪಲಿ ಕಳಚಿ ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದರು, ಬರಿಗಾಲನ್ನು ಗಾಡಿಯ ನೆಲಕ್ಕೆ ಊರಿ. "ಕಿವಿಗಿಂತ ಮೊದಲ ಕಾಲಿಗೆ ತಿಳೀತದವ್ವಾ" ಎನ್ನುತ್ತಿದ್ದರು. ಗಾಡಿಯನ್ನೂ ಗುಡಿ ಮಾಡಿಬಿಟ್ಟಿದ್ದೀರಿ ಎಂದು ನಾನು ಚೇಷ್ಟೆ ಮಾಡಿದರೆ ನಗುತ್ತಿದ್ದರು.

ಅಪ್ಪನದು ಸೀರೆ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಹಳೆಯ ಕಾರಿನ ಹುಚ್ಚು ಹಿಡಿಯಿತು. ಭೋರ್‌ನ ಯಾವುದೋ ವಾಡೆಯ ಹಿತ್ತಲಲ್ಲಿ ಕೋಳಿ ಮಲಗುತ್ತಿದ್ದ ಕಾರೊಂದನ್ನು ಎಳೆದು ತಂದರು. ಅದರ ಮುದಿ ಎಂಜಿನ್ ತೆಗೆಸಿ, ದುಪ್ಪಟ್ಟು ಜೋರಿನ ಹೊಸ ಎಂಜಿನ್ ಕೂರಿಸಿದರು. ಬೆಲ್ ಹೌಸಿಂಗ್ ಯಾವುದು ಹಾಕಬೇಕು ಎಂಬ ಪ್ರಶ್ನೆ ಆಗಲೇ ಎದ್ದದ್ದು.

ಆ ಸಂಜೆ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ನನಗೂ ತಿಳಿಯುವಂತೆ ಹೇಳಿದ್ದರು. "ಎಂಜಿನ್‌ಗೂ ಗೇರ್ ಡಬ್ಬಿಗೂ ನಡುವಿನ ಕವಚ ಇದು. ಒಳಗ ಕ್ಲಚ್ಚು, ದೊಡ್ಡ ಚಕ್ರ ಗರಗರ ತಿರಗತಾವ. ತಿರಗೂ ಮುಂದ ಒಡದ್ರ ಬಾಂಬ್ ಹಾರಿದಂಗ ಚೂರು ಹಾರತಾವ್ರಿ. ಅದಕ್ಕೂ ನಿಮ್ಮ ಕಾಲಿಗೂ ನಡುವ ಇರೂದು ಇದೊಂದೇ. ಹಳೇ ಅಲ್ಯೂಮಿನಿಯಂದು ಹಳೇ ಎಂಜಿನ್ನಿಗೆ ಸಾಕಿತ್ತು. ಇದಕ್ಕ ಉಕ್ಕಿಂದೇ ಬೇಕ್ರಿ."

"ಥೂ, ಒರಳಕಲ್ಲಿನಂಗ ಕಾಣ್ತದಲ್ಲೋ!" ಎಂದರು ಅಪ್ಪ. ಉಕ್ಕಿನದು ಕೂರಬೇಕೆಂದರೆ ಕಾರಿನ ನೆಲ ಕತ್ತರಿಸಿ ಸೀಟಿನ ಮುಂದೆ ಒಂದು ದಿಬ್ಬ ಎಬ್ಬಿಸಬೇಕಿತ್ತು. ಹಳೆಯ ಕಾರುಗಳ ಮೆರವಣಿಗೆಯಲ್ಲಿ ನಾಲ್ಕು ಮಂದಿ ಬಗ್ಗಿ ನೋಡುವಾಗ ಆ ದಿಬ್ಬ ಕಂಡರೆ ಹೇಗೆ? ಕಾಕಾ ಅಪ್ಪನಿಗಿಂತ ದೊಡ್ಡವರು, ಮಾತು ಮಾತಿಗೂ ರೀ ಎನ್ನುತ್ತಿದ್ದರು. ಅಪ್ಪ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಬರೆಯುವಾಗಲೂ ನನಗೆ ಮೈಯೆಲ್ಲ ಹಿಡಿಯಾಗುತ್ತದೆ.

ಅಪ್ಪ ಸುಮ್ಮನೆ ಬೇರೆ ಗ್ಯಾರೇಜಿಗೆ ಹೋಗಿ ಹಳೆಯ ಅಲ್ಯೂಮಿನಿಯಂ ಕವಚಕ್ಕೇ ಕನ್ನಡಿಯಂತೆ ಪಾಲಿಶ್ ಹೊಡೆಸಿ ಹಾಕಿಸಿಕೊಂಡು ಬಂದರು. ಕಾಕಾಗೆ ಅದು ತಿಳಿದದ್ದು ಖಂಡೆ ನವಮಿ, ಆಯುಧಪೂಜೆಯ ದಿನ. ಅಂದು ಅವರು ಉಕ್ಕಿನದನ್ನು ತಾವಾಗಿಯೇ ಮಾಡಿಸಿ, ಹೆಗಲ ಮೇಲೆ ಹೊತ್ತು ತಂದಿದ್ದರು. ನಮ್ಮ ಅಂಗಳದಲ್ಲಿ ಕಾರಿಗೆ ಚೆಂಡು ಹೂವಿನ ಮಾಲೆ ಬಿದ್ದಿತ್ತು, ಗಾಲಿಗಳ ಕೆಳಗೆ ನಿಂಬೆಹಣ್ಣು ಕಾಯುತ್ತಿದ್ದವು. ಕಾಕಾ ಕಾರಿನ ಕೆಳಗೆ ತೂರಿ ಹೊರಬಂದರು. ಮುಖ ಇಳಿದಿತ್ತು. "ಈಗಿಂದೀಗ ಬದಲ ಮಾಡಿಕೊಡ್ತೀನ್ರಿ" ಎಂದರು.

"ಹುಚ್ಚ ಹಿಡದದೇನೋ? ಇವತ್ತ ಹತಾರಕ್ಕ ಕೈ ಹಚ್ಚತಾರೇನು?" ಎಂದರು ಅಪ್ಪ.

ಕಾಕಾ ಕೈ ಒರೆಸಿಕೊಂಡರು. ಆ ದಿನ ಪೂಜೆಗೆ ಕೂತ ಹತಾರಗಳನ್ನು ಯಾರೂ ಎತ್ತುವುದಿಲ್ಲ. ಅವರ ಶೆಡ್ಡಿನಲ್ಲೂ ನಟ್ಟು ಬಿಚ್ಚುವ ಪಾನಾ, ಸುತ್ತಿಗೆಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಹೂವಿನ ಕೆಳಗೆ ಮಲಗಿದ್ದವು. ವರ್ಷವಿಡೀ ಅನ್ನ ಹಾಕಿದ ಪಾನಾವನ್ನು ಅಂದು ಪೂಜೆಯಿಂದ ಎಬ್ಬಿಸಲು ಅವರಿಗೂ ಮನಸ್ಸು ಬರಲಿಲ್ಲ. ಮರುದಿನ ದಸರಾ, ಬೆಳಿಗ್ಗೆ ರಾಂಜಣಗಾಂವದ ಗಣಪತಿಗೆ ಹೊರಡುವ ಮುಹೂರ್ತವನ್ನು ಅಪ್ಪ ಬಿಡುವವರಲ್ಲ. ಅವ್ವ ಆ ಉಕ್ಕಿನ ಕವಚಕ್ಕೂ ಒಂದು ಬೊಟ್ಟಿಟ್ಟು ಮೂಲೆಗೆ ಸರಿಸಿದಳು.

ದಸರಾ ಬೆಳಿಗ್ಗೆ ನಾನು ಹೊಸ ಸೀರೆ ಉಟ್ಟು, ಕಾಲ್ಗೆಜ್ಜೆ ಹಾಕಿಕೊಂಡು ಮುಂದಿನ ಸೀಟಿಗೆ ಹತ್ತಲು ಹೋದೆ. ಕಾಕಾ ಬಾಗಿಲ ಬಳಿಯೇ ನಿಂತಿದ್ದರು. "ನೀ ಅವ್ವನ ಜೋಡಿ ಹಿಂದ ಕುಂದರವ್ವಾ. ಮುಂದ ನಾ ಕುಂದರ್ತೀನಿ." ಮುಂದೆ ಕೂತು ಮೆರೆಯುವ ಆಸೆಯಿದ್ದ ನನಗೆ ಸಿಟ್ಟು ಬಂತು. ಅವರು ಚಪ್ಪಲಿ ಕಳಚಿ ಕೂತರು.

ಅರ್ಧ ದಾರಿ ಸಾಗಿತ್ತೋ ಇಲ್ಲವೋ... ಅಷ್ಟು ನೆನಪಿಲ್ಲ. ಕಾಕಾ, "ನಡುಕ ಬರಾಕತ್ತೇದ್ರಿ. ಸಾವಕಾಶ ಹೋಗ್ರಿ" ಎಂದದ್ದು ಮಾತ್ರ ಕಿವಿಯಲ್ಲಿದೆ. ಹೆಂಡತಿ ಮಗಳ ಮುಂದೆ ಹಾಗೆ ಹೇಳಿಸಿಕೊಂಡದ್ದು ಅಪ್ಪನಿಗೆ ತಡೆಯಲಿಲ್ಲ. "ನಿನ್ನ ಕಾಲ ನಡಗತಾವ, ಗಾಡಿ ಅಲ್ಲ" ಎಂದು ನಕ್ಕು, ಮುಂದಿದ್ದ ಲಾರಿಯನ್ನು ಹಿಂದೆ ಹಾಕಲು ಆಕ್ಸಲರೇಟರ್ ಒತ್ತಿ ಹಿಡಿದರು. ಢಮ್ ಎಂದಿತು. ಕಾರಿನ ನೆಲ ಕಾಗದದ ಹಾಗೆ ಹರಿದು ಮೇಲೆದ್ದಿತು. ಕಾಕಾ ಕಿರುಚಲಿಲ್ಲ. "ಅಯ್ಯ ಯಪ್ಪಾ" ಎಂದು ಮೆಲ್ಲಗೆ ಅಂದರು. ಅವರ ಬಲ ಮುಂಗಾಲು ಹೋಗಿತ್ತು.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಹೇಗಾಯಿತು ಎಂದು ಕೇಳುತ್ತಿದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿಬಿಡುತ್ತಿದ್ದರು: "ನಂದೇ ತಪ್ಪು. ನಾ ಆವತ್ತ ಪಾನಾ ಎತ್ತಬೇಕಾಗಿತ್ತು." ಅವರು ನಿಜವಾಗಿಯೂ ಹಾಗೆಯೇ ತಿಳಿದಿದ್ದರು, ಅಪ್ಪನ ಮಾನ ಕಾಯಲು ಆಡಿದ ಮಾತಲ್ಲ ಅದು. ಆದರೆ ಅಪ್ಪ ಅದನ್ನೇ ಹಿಡಿದುಕೊಂಡರು. ಮಂದಿ "ಮಿಸ್ತ್ರಿ ತಪ್ಪಿಂದ ಆತಂತ" ಎಂದು ಮಾತಾಡಿಕೊಂಡರೆ ಅಲ್ಲವೆನ್ನಲಿಲ್ಲ. ಒಂದು ದಿನ ಎಲ್ಲರ ಎದುರು ನಾನೇ, "ಅಪ್ಪಾ, ಅವರು ಬ್ಯಾಡ ಅಂದಿದ್ರಲ್ಲ!" ಎಂದೆ. ಅವ್ವ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಹೆತ್ತ ಅಪ್ಪನನ್ನು ಕಂಡು ಹೇಸಿಕೆಯಾಗುವುದು, ಅದೇ ಅಪ್ಪ ಊಟ ಮಾಡಲಿಲ್ಲವೆಂದು ಕರುಳು ಚುರ್ ಎನ್ನುವುದು... ಎರಡೂ ಒಟ್ಟಿಗೇ ಆಗುತ್ತವೆ.

ಮರುವರ್ಷದ ದಸರಾ ಸಂಜೆ ಕಾಕಾ ಕುಂಟುತ್ತ ಬನ್ನಿ ಕೊಡಲು ಬಂದರು. ಅಪ್ಪ ಕಿಟಕಿಯಿಂದ ನೋಡಿ ಮಲಗುವ ಕೋಣೆ ಸೇರಿಕೊಂಡರು. ಮನೆಯಲ್ಲಿಲ್ಲ ಎಂದು ಅವ್ವ ಹೇಳಿದಳು. ಅಪ್ಪನ ಚಪ್ಪಲಿಗಳು ಬಾಗಿಲಲ್ಲೇ ಇದ್ದವು. ಕಾಕಾ ಅವನ್ನು ನೋಡಿದರು, ನೋಡದವರ ಹಾಗೆ ನನ್ನ ಕೈಗೆ ಬನ್ನಿ ಇಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೋಣವಾ. ಅಪ್ಪಗೂ ಕೊಡು." ಕೆಲವು ದಿನಗಳಲ್ಲಿ ಅವರು ಪಕ್ಕದ ಮನೆ ಬಿಟ್ಟು ಶೆಡ್ಡಿನ ಹತ್ತಿರವೇ ಹೋಗಿಬಿಟ್ಟರು. ನಮ್ಮ ಮನೆಯಲ್ಲಿ ಅವರ ಮಾತೇ ನಿಂತಿತು. ಜನ ನನ್ನ ನಡಿಗೆ ಚೆಂದ ಎಂದಾಗಲೆಲ್ಲ ನಾನು ಸೀರೆಯ ನಿರಿಗೆಯಿಂದ ಪಾದ ಮುಚ್ಚಿಕೊಳ್ಳುವಂತಾಯಿತು.

ಇಷ್ಟು ವರ್ಷಗಳ ಮೇಲೆ ಆ ಗೋಣಿಚೀಲ ಸಿಕ್ಕ ಕೆಲ ದಿನಕ್ಕೇ ದಸರಾ ಬಂತು. ಬನ್ನಿ ತೆಗೆದುಕೊಂಡು ನಾನು ಕೊಂಢವಾಕ್ಕೆ ಹೊರಟಾಗ ಅಪ್ಪ ಹಿಂದಿನಿಂದ ಕರೆದರು. "ನನ್ನ ಪಾಲಿಂದೂ ಕೊಟ್ಟ ಬಾ" ಎಂದು ಎರಡು ಎಲೆ ಚಾಚಿದರು.

ಕಾಕಾನ ಹೆಂಡತಿ ಕಾಕು ಬಾಗಿಲು ತೆರೆದಳು. ಗೋಡೆಯ ಮೇಲೆ ಕಾಕಾನ ಫೋಟೋ, ಅದಕ್ಕೆ ಹಾರ. ಹೋದ ಮಳೆಗಾಲದಲ್ಲೇ ತೀರಿಕೊಂಡರಂತೆ. ನಮಗೆ ಯಾರೂ ಹೇಳಲಿಲ್ಲ, ಹೇಳುವುದಾದರೂ ಯಾಕೆ... ನಾನು ಚಪ್ಪಲಿ ಬಿಟ್ಟು ನಿಂತೆ. ಕಾಕು ನಮ್ಮೂರ ಪದ್ಧತಿಯಂತೆ ತಂಬಿಗೆ ತಂದು, "ಕಾಲಿಗೆ ನೀರ ತಗೊಳವಾ" ಎಂದಳು. ಆ ತಂಬಿಗೆಯ ಮುಂದೆ ಎರಡು ಗಟ್ಟಿ ಪಾದಗಳನ್ನು ಚಾಚಲು ನನ್ನಿಂದಾಗಲಿಲ್ಲ. ಅವಳೇ ನೀರು ಹಾಕಿದಳು.

ನನ್ನ ಬನ್ನಿಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಅಪ್ಪನ ಎಲೆಗಳನ್ನು ಕೊಟ್ಟಾಗ ಮಾತ್ರ ನನ್ನ ಬೆರಳುಗಳನ್ನು ಅವುಗಳ ಮೇಲೆಯೇ ಮಡಿಸಿದಳು.

"ಇದನ್ನ ವಾಪಸ್ ಒಯ್ಯವಾ. ನಿಮ್ಮಪ್ಪಗ ಕಾಲ ಅದಾವಲ್ಲ, ತಾವೇ ಬರಲಿ."

ಸಿಟ್ಟಿನಿಂದ ಹೇಳಲಿಲ್ಲ. ಮನೆಗೆ ಬಂದು ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎಲೆಗಳನ್ನು ವಾಪಸು ಇಸಿದುಕೊಳ್ಳಲಿಲ್ಲ, ನೋಡೋಣ ಎಂದರು. ಅವು ಒಣಗಿ ಮುರುಟಿ ನನ್ನ ಪರ್ಸಿನಲ್ಲೇ ಇವೆ. ಅಪ್ಪ ಇನ್ನೂ ಹೋಗಿಲ್ಲ.