ಶಾಲೆಯಲ್ಲಿ ಅಳುವ ಪಾಠ

೧೯೭೬ರ ಮಾತು. ಸವಣೂರಿನಲ್ಲಿ ಅಪ್ಪನ ಪಾಠ-ಪ್ರವಚನ ಕೇಳುತ್ತ ಬೆಳೆದ ನನಗೆ ಮೊದಲ ನೌಕರಿ ಸಿಕ್ಕಿದ್ದು ಶಿಗ್ಗಾಂವಿ ತಾಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ. ತಡಸದಲ್ಲಿ ಬಸ್ ಇಳಿದು ಒಳಗೆ ನಡೆಯಬೇಕು. ಒಂದೇ ಕೋಣೆಯ ಶಾಲೆ, ನಾನೊಬ್ಬಳೇ ಶಿಕ್ಷಕಿ. "ಒಬ್ಬಾಕೀನ ಹೊಂಟೀಯಲ್ಲ ಮಗಳ!" ಎಂದು ಅವ್ವ ಅತ್ತಳು. ನಾನು ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಟಮಾರಿ ಎಂದು ಮನೆಯಲ್ಲಿ ಮೊದಲೇ ಹೆಸರಾಗಿತ್ತು, ಬಿಡಿ.

ಮಕ್ಕಳದು ಮನೆಯಲ್ಲಿ ಲಂಬಾಣಿ ಮಾತು, ಪುಸ್ತಕದಲ್ಲಿ ಕನ್ನಡ. ಎಲ್ಲರೂ ತಡವರಿಸುವಲ್ಲಿ ಹೇಮ್ಲಿ ಎಂಬ ಹುಡುಗಿ ಓಡುತ್ತಿದ್ದಳು. ಅಂಥವಳು ನಾಲ್ಕನೇ ಇಯತ್ತೆಗೆ ಬಂದದ್ದೇ ಶಾಲೆ ಬಿಟ್ಟಳು. ನನಗೆ ತಡೆಯಲಾಗಲಿಲ್ಲ, ಅವರ ಮನೆಗೇ ಹೋದೆ. ಅವಳ ಅಜ್ಜಿ ಚಾಂದಿಬಾಯಿ ಅಂಗಳದಲ್ಲಿ ಕೂತು ಲಂಗಕ್ಕೆ ಕನ್ನಡಿ ಹೊಲಿಯುತ್ತಿದ್ದಳು.

"ಹುಡಿಗಿ ಸಾಲೀಗೆ ಯಾಕ ಬರವಲ್ಲಳು, ಯವ್ವಾ?"

"ನಿಮ್ಮ ಸಾಲ್ಯಾಗ ಅಳೂದ ಕಲಸ್ತೀರೇನ್ರಿ ಅಕ್ಕೋರ?" ಎಂದು ಅಜ್ಜಿ ನನ್ನನ್ನೇ ಕೇಳಿದಳು.

ನಾನು ಕಕ್ಕಾಬಿಕ್ಕಿ! ಅಜ್ಜಿಯೇ ಬಿಡಿಸಿ ಹೇಳಿದಳು. ಅವರಲ್ಲಿ ಮದುವಣಗಿತ್ತಿ ತವರು ಬಿಡುವಾಗ ಒಬ್ಬೊಬ್ಬರ ಕೊರಳನ್ನೂ ತಬ್ಬಿ ಹಾಡಿಕೊಂಡು ಅಳಬೇಕು. ಆ ಹಾಡಿಗೆ ಢಾವಲೋ ಎನ್ನುತ್ತಾರೆ. ಅವ್ವನಿಗೊಂದು, ಅಣ್ಣನಿಗೊಂದು, ಮನೆಯ ಎತ್ತಿಗೂ ಒಂದು. ಚಿಕ್ಕಂದಿನಲ್ಲೇ ಕಲಿಯಲು ಶುರು ಮಾಡಬೇಕು.

"ಅಳಾಕ ಬರದಾಕಿ ಲಗ್ನದಾಗ ನಿಂತ್ರ ಮಂದಿ ನನ್ನ ಮಾರಿಗೆ ಉಗಳ್ತಾರ. ನಾ ಸತ್ತ ಮ್ಯಾಲೆ ಕಲಸಾವ್ರು ಯಾರು?"

ಹೇಮ್ಲಿ ಬಾಗಿಲ ಮರೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಹಂಗಾರ ನೀವ ಸಾಲೀಗೆ ಬರ್ರಿ. ಶನಿವಾರ ಅಲ್ಲೇ ಕಲಸ್ರಿ, ನಾನೂ ಕುಂತು ಕಲೀತೇನಿ" ಎಂದೆ.

"ಸವಣೂರ ಅಕ್ಕೋರ ನಮ್ಮ ಢಾವಲೋ ಕಲೀತಾರಂತ!" ಎಂದು ಅಜ್ಜಿ ಕೈತುಂಬ ಬಳೆ ಕುಣಿಯುವಂತೆ ನಕ್ಕಳು. ಆದರೆ ಶನಿವಾರ ಬಂದೇ ಬಂದಳು. ಅವಳ ಹಿಂದೆ ಹೇಮ್ಲಿ, ಹೇಮ್ಲಿಯ ಹಿಂದೆ ಶಾಲೆಯ ಮುಖವನ್ನೇ ಕಾಣದ ಇನ್ನೂ ಕೆಲವು ಹುಡುಗಿಯರು. ಅಜ್ಜಿ ಹಾಡಿದ ಸಾಲನ್ನು ಅವರ ಮಾತಿನಲ್ಲೇ, ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದೆ. ಬಾಯಲ್ಲಿರುವ ಹಾಡು ತಾನೇ, ಹುಡುಗಿಯರು ಅಕ್ಷರಗಳ ಗುರುತು ಬೇಗ ಹಿಡಿದರು.

ಒಂದು ಶನಿವಾರ ಪಾಠ ರಂಗೇರಿತ್ತು. ಒಬ್ಬರ ಕೊರಳು ಒಬ್ಬರು ತಬ್ಬಿ ಎಲ್ಲರೂ ಗೊಳೋ ಎಂದು ಅಳುತ್ತಿದ್ದರು. ಬಾಗಿಲತ್ತ ನೋಡುತ್ತೇನೆ, ಶಾಲಾ ತಪಾಸಣೆಯ ಸಾಹೇಬರು! ಚಪ್ಪಲಿ ಕಳಚಿ, ಟೊಪ್ಪಿಗೆ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದಾರೆ.

"ಯಾರು ತೀರಿಕೊಂಡ್ರು, ಬಾಯಾರ?" ಎಂದರು ಮೆಲ್ಲಗೆ.

ಅಜ್ಜಿಯೇ ಮೂಗು ಒರೆಸಿಕೊಂಡು ಹೇಳಿದಳು: "ಯಾರೂ ಸತ್ತಿಲ್ರಿ ಸಾಹೇಬ್ರ. ಹುಡಿಗ್ಯಾರಿಗೆ ಲಗ್ನದಾಗ ಅಳೂದ ಕಲಸಾಕತ್ತೇನಿ."

"ಇದು ಸಾಲಿಯೋ, ಮದವಿ ಮನಿಯೋ?" ಸಾಹೇಬರ ಮುಖ ಕೆಂಪಾಯಿತು.

ಅವರು ಬೇಡ ಎಂದರೆ ಅಜ್ಜಿ ಏಳುತ್ತಾಳೆ, ಹಿಂದೆಯೇ ಹೇಮ್ಲಿಯೂ ಹೋಗುತ್ತಾಳೆ. ನನಗೆ ಎಲ್ಲಿಂದ ಧೈರ್ಯ ಬಂತೋ, "ಮೊದಲ ಇವ್ರ ಓದು ಕೇಳ್ರಿ, ಆಮ್ಯಾಲೆ ಬೈರಿ" ಎಂದುಬಿಟ್ಟೆ.

ಹೇಮ್ಲಿ ಹಲಗೆಯ ಮೇಲಿನದನ್ನು ಓದಿದಳು. ಸಾಹೇಬರು ಪುಸ್ತಕ ಕೊಟ್ಟರು, ಅದನ್ನೂ ಓದಿದಳು. ಹೊಸ ಹುಡುಗಿಯರೂ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಸಾಹೇಬರು ಪುಸ್ತಕ ಮುಚ್ಚಿ ನಕ್ಕರು. "ನಮ್ಮ ಕಾಲಕ್ಕ ಮಾಸ್ತರು ಛಡೀಲೆ ಅಳೂದ ಕಲಸ್ತಿದ್ರು. ಅದಕ್ಕಿಂತ ಇದು ಚಲೋ. ಶನಿವಾರ ಕಡೀ ತಾಸು ನಡೀಲಿ." ನನಗೆ ಹೋದ ಜೀವ ಬಂದಂತಾಯಿತು.

ಎಂಬತ್ತರ ನಂತರ ಹಿರೇಕೆರೂರ ಕಡೆಗೆ ನನ್ನ ವರ್ಗವಾಯಿತು. ಹೇಮ್ಲಿ ಆಗ ಶಿಗ್ಗಾಂವಿಯಲ್ಲಿ ಹೈಸ್ಕೂಲು ಓದುತ್ತಿದ್ದಳು. ನನ್ನನ್ನು ಕಳಿಸಲು ಅವಳೂ ಸೇರಿ ತಾಂಡಾದವರೆಲ್ಲ ತಡಸದವರೆಗೂ ಬಂದರು. ಬಸ್ ಬಂತು. ಕೈ ಮುಗಿದು ಹತ್ತಲು ಹೋದರೆ ಅಜ್ಜಿ ಅಡ್ಡ ನಿಂತಳು.

"ಊರ ಬಿಟ್ಟು ಹೊಂಟಾವ್ರು ನೀವು. ಕಲತದ್ದು ತೋರಸ್ರಿ!"

ಹೇಮ್ಲಿಯ ಕೊರಳು ತಬ್ಬಿ ಬಾಯಿ ತೆರೆದೆ. ಒಂದು ಸಾಲೂ ನೆನಪಾಗಲಿಲ್ಲ. ಬಂದದ್ದು ಬರೀ ಅಳು, ಬಿಕ್ಕಿ ಬಿಕ್ಕಿ ಅಳು.

"ಹಂಗಲ್ರಿ ಅಕ್ಕೋರ, ರಾಗ ಹಿಡದು ಅಳ್ರಿ!" ಎಂದು ಅಜ್ಜಿ ಗದರಿದಳು. ಎಲ್ಲರೂ ನಕ್ಕರು, ಕಂಡಕ್ಟರನೂ ನಕ್ಕ. ಹೇಮ್ಲಿ ನನ್ನ ಕಿವಿಯಲ್ಲಿ ಮೊದಲ ಸಾಲು ಹೇಳಿಕೊಟ್ಟಳು. ಅವಳ ಹಿಂದೆ ಹಿಂದೆ ಹಾಡಿದೆ.

ಆಮೇಲೆ ಎಷ್ಟೋ ಶಾಲೆಗಳು ಶಾಲು ಹೊದಿಸಿ, ಹಾರ ಹಾಕಿ ನನ್ನನ್ನು ಬೀಳ್ಕೊಟ್ಟಿವೆ. ಮಗಳನ್ನು ಕಳಿಸುವಂತೆ ಅಳಿಸಿ ಕಳಿಸಿದ್ದು ಆ ತಾಂಡಾ ಒಂದೇ. ಇವತ್ತಿಗೂ ಅದು ನನಗೆ ತವರು.