ಮಲೀಕಸಾಬನ ಮಿಂಚಿನ ಪೆಟ್ಟಿಗೆ

ಸಿಂಧನೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಮಲೀಕಸಾಬನಿಗೆ ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಬೀಜದಂಗಡಿಯ ಅಮರಗುಂಡಪ್ಪನ ಮುಂದೆ ಒಂದು ದಿನ ಅಂದೇಬಿಟ್ಟ: "ಭತ್ತದ ಬೀಜದ ಬೂಷ್ಟಿಗೆ ಔಷಧ ಯಾಕ್ರೀ ಸಾವಕಾರ? ಗಾಳಿಗೇ ಮಿಂಚು ಹಿಡಿಸಿದ್ರ ಪ್ಲಾಸ್ಮಾ ಆಗತೈತಿ. ಅದರಾಗ ಬೀಜ ಇಟ್ರ ಬೂಷ್ಟು ಸಾಯತೈತಿ. ನಾ ಮಾಡಿಕೊಡ್ತೀನಿ."

"ಗುರುವಾರದ ತನಕ ನೋಡ್ತೀನಿ. ಆಗಲಿಲ್ಲಂದ್ರ ಅಂಥಾ ಮಷೀನು ಪುಣೇದಿಂದ ತರಿಸಿ, ನಿನ್ನ ಅಂಗಡಿ ಮುಂದನ ಇಳಿಸ್ತೀನಿ."

ಮೂವತ್ತು ವರ್ಷದ ಹೆಸರು ಒಂದು ಗುರುವಾರಕ್ಕೆ ಜೋತುಬಿತ್ತು.

ಲೆಕ್ಕವೇನೋ ಸರಿಯಿತ್ತು. ಎರಡು ತಗಡು, ನಡುವೆ ಒಂದು ಗಾಜು, ಕಾಳು ಹಿಡಿಯುವಷ್ಟು ಸಂದು. ಹಳೆಯ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರಿನಿಂದ ಸಾವಿರಾರು ವೋಲ್ಟು. ಗಾಜು ಅಡ್ಡ ನಿಂತರೆ ಕರೆಂಟು ಒಂದೇ ಕಿಡಿಯಾಗಿ ಹಾರದೆ, ಸಣ್ಣ ಮಿಂಚುಗಳಾಗಿ ಹರಡಬೇಕು. ನೋಡುವವರು ಮೆಚ್ಚಲೆಂದು ಮಲೀಕಸಾಬ ಗಾಜನ್ನು ತಗಡಿನಷ್ಟೇ ಕತ್ತರಿಸಿದ, ಕೂದಲೆಳೆ ಹೆಚ್ಚಿಲ್ಲ. ಸ್ವಿಚ್ ಒತ್ತಿದ. ಪಟ್ ಎಂದು ಕಿಡಿ ಗಾಜಿನ ಅಂಚು ಸುತ್ತಿ ಹಾರಿತು. ಬುಧವಾರದ ಹೊತ್ತಿಗೆ ಕಿಡಿಯ ಕಾವಿಗೆ ಮೂರು ಗಾಜು ಬಿರುಕು ಬಿಟ್ಟಿದ್ದವು.

ಬಾಗಿಲ ಬಳಿ ಮೋಟಾರಿನ ತಂತಿಯಡಿ ಹಾಕುವ ಕಾಗದ ಕತ್ತರಿಸುತ್ತಿದ್ದ ಹೆಂಡತಿ ಸಕೀನಾಬೀ ತಲೆ ಎತ್ತದೆ ಕೇಳಿದಳು:

"ಈ ಕಾಗದ ತಂತಿ ಕೂರೋ ಸಂದೀಗಿಂತ ಉದ್ದ ಕತ್ತರಸು ಅಂತ ನನಗ ಬೈದು ಕಲಿಸಿದವ್ರು ಯಾರ್ರೀ?"

"ನಾನ. ಇಲ್ಲಂದ್ರ ತುದೀಗೆ ಕಿಡಿ ಹಾರಿ..."

ಮಲೀಕಸಾಬ ಬಿರುಕು ಬಿಟ್ಟ ಗಾಜನ್ನು ಎತ್ತಿ ಅದರ ಅಂಚು ನೋಡಿದ.

"ಹಾಂ. ಗಾಜು ಏನು ನಿಮ್ಮ ಬೀಗರ ಪೈಕೀನು, ಅದಕ್ಕೊಂದು ಬ್ಯಾರೆ ಕಾಯ್ದೆ?"

ತಗಡಿಗಿಂತ ಸುತ್ತಲೂ ಎರಡು ಬೆರಳು ಹೆಚ್ಚು ಅಗಲದ ಗಾಜು ಬಂತು.

ಗುರುವಾರ ಅಮರಗುಂಡಪ್ಪ ಬಗ್ಗಿ ನೋಡಿ, "ಏನೂ ಕಾಣವಲ್ತಲ್ಲೋ" ಎಂದ. ಮಲೀಕಸಾಬ ಶಟರು ಎಳೆದ. ಕತ್ತಲಲ್ಲಿ ತಗಡಿನ ಸಂದಿನ ತುಂಬ ನೇರಳೆ ಬೆಳಕು ಗುಂಯ್‌ಗುಡುತ್ತ ಹರಡಿತ್ತು. ಸಾವಕಾರ ಉಸಿರು ಬಿಡುವುದನ್ನು ಮರೆತ. ವ್ಯಾಪಾರ ಮರೆಯಲಿಲ್ಲ: ಮಿಂಚು ಕಂಡ ಬೀಜ ಒಂದು ಹಸಿ ಬಟ್ಟೆಯಲ್ಲಿ, ಕಾಣದ್ದು ಇನ್ನೊಂದರಲ್ಲಿ ಕಟ್ಟಿಕೊಂಡು ಹೋದ.

ಆರನೆಯ ದಿನ ಬಂದ. "ಮೊಳಕಿ ಏನೂ ಹೆಚ್ಚು ಬಂದಿಲ್ಲ."

"ಹೆಚ್ಚು ಬರತಾವಂತ ನಾ ಯಾವಾಗ ಅಂದೀನ್ರೀ? ಬೂಷ್ಟು?"

ಅಮರಗುಂಡಪ್ಪ ಬೀದಿಯತ್ತ ನೋಡಿದ. "ಇನ್ನೊಂದು ಬಟ್ಟ್ಯಾಗ ಹಿಡದೈತಿ. ನಿನ್ನ ಬೀಜದಾಗ... ಕಾಣಲಿಲ್ಲ. ಕ್ವಿಂಟಾಲು ಹಿಡಿಯೋವಂಥಾ ಪೆಟ್ಟಿಗಿ ಯಾವಾಗ ಕೊಡ್ತೀ?"

ಮಲೀಕಸಾಬ ಎದೆ ಉಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಸಕೀನಾಬೀ ಕತ್ತರಿ ಕೆಳಗಿಟ್ಟಳು.

"ಎರಡು ತಿಂಗಳು ಬೇಕ್ರೀ ಸಾವಕಾರ. ಗಾಜಿನ ಅಳತಿ ನಾನ ಕೊಡ್ತೀನಿ."