ಬಾಗಿಲ ಪಕ್ಕದ ಕಲ್ಲು

ದಂಡಿಗನಹಳ್ಳಿ ಹೋಬಳಿಯಲ್ಲಿ ಗಾರೆ ಕೆಲಸದ ಕಾಂತರಾಜನಿಗೆ ಕೈ ಚೊಕ್ಕ, ಬಾಯಿ ಒರಟು ಎಂಬ ಹೆಸರು. ಐದನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಸ್ಲೇಟು ಬೀಸಿ ಸ್ಕೂಲು ಬಿಟ್ಟವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವಯಸ್ಸು ಐವತ್ತೆರಡಾದರೂ ಅವನ ಕೋಪ ಮಾತ್ರ ಇನ್ನೂ ಐದನೇ ಕ್ಲಾಸಿನಲ್ಲೇ ಕೂತಿತ್ತು.

ಪುಸ್ತಕದ ಓದು ಅಷ್ಟಕ್ಕೇ ನಿಂತರೂ ಊರ ಮಲ್ಲೇಶ್ವರನ ಗುಡಿಯನ್ನು ಅವನು ಕೈಯಾಡಿಸಿಯೇ ಓದಿಕೊಂಡಿದ್ದ. ಎಂಟುನೂರು ವರ್ಷದ ಪುಟ್ಟ ಗುಡಿ. ಒಂದು ಗರ್ಭಗುಡಿ, ಅದರ ಮುಂದೆ ನಾಲ್ಕು ಕಂಬದ ನವರಂಗ, ಅಷ್ಟೇ. ಬೇಲೂರು ನೋಡಲು ಬರುವವರು ಇತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಬಳಪದ ಕಲ್ಲಿನ ಆ ಕಂಬಗಳನ್ನು ಬುಗುರಿಯ ಹಾಗೆ ಸುತ್ತಿಸಿ ಕಡೆದಿದ್ದಾರೆ, ನೋಡಿದವರ ಮುಖ ಕಾಣುವಷ್ಟು ನುಣುಪು. ಗೋಡೆಯ ಕಲ್ಲುಗಳ ನಡುವೆ ಚೂರೂ ಗಾರೆಯಿಲ್ಲ. ಗುಡಿ ರಿಪೇರಿಯ ಉಸ್ತುವಾರಿ ಸಿಕ್ಕಿದ ದಿನ ಕಾಂತರಾಜು, "ನಾವು ಸಿಮೆಂಟ್ ಮೆತ್ತಿ ಮೇಸ್ತ್ರಿ ಅನ್ನುಸ್ಕಂತೀವಿ. ಮೇಸ್ತ್ರಿ ಅಂದ್ರೆ ಅವ್ರು ಕಣ್ರಲಾ!" ಅಂದಿದ್ದ.

ಬಾಗಿಲ ಪಕ್ಕ, ಹೊರಗೆ, ಎದೆಮಟ್ಟದ ಒಂದು ಕಲ್ಲು. ಸುಣ್ಣದ ಪದರದ ಕೆಳಗೆ ಎಂಟು ಸಾಲು ಹಳೇ ಅಕ್ಷರ. ಪ್ರತಿ ಕಾರ್ತಿಕದಲ್ಲಿ ಊರಾಚೆ ಕೇರಿಯ ಗಂಗಯ್ಯ ಹರಳೆಣ್ಣೆಯ ಚೊಂಬನ್ನು ಆ ಕಲ್ಲಿನ ಕೆಳಗಿನ ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಸರಿಯುತ್ತಿದ್ದ. ಎಣ್ಣೆ ಗುಡಿಯೊಳಕ್ಕೆ ಹೋಗುತ್ತಿತ್ತು, ಗಂಗಯ್ಯ ಹೋಗುತ್ತಿರಲಿಲ್ಲ. ಅವನ ಮನೆಯವರೇ ಯಾಕೆ ಎಣ್ಣೆ ತರಬೇಕೆಂದು ಯಾರೂ ಕೇಳಿದ್ದಿಲ್ಲ.

ಶಾಸನ ಓದುವ ನೇತ್ರಾ ಮೇಡಂ ಹಾಸನದಿಂದ ಬಂದು ಕಲ್ಲು ನೋಡಿ, ಸುಣ್ಣ ಬಿಡಿಸಿ ಸೋಮವಾರ ಅಚ್ಚು ತೆಗೆಯುತ್ತೇನೆ ಅಂದು ಹೋದರು. ಅವತ್ತು ಸಂಜೆ ಅರಳೀಕಟ್ಟೆಯ ಹತ್ತಿರ ಗಂಗಯ್ಯ ಕಾಂತರಾಜನಿಗೆ ಮೆಲ್ಲಗೆ ಹೇಳಿದ:

"ಆ ಕಲ್ನಾಗೆ ನಮ್ಮ ಇರೀಕನ ಎಸರೈತೆ ಅಂತ ನಮ್ಮ ತಾತ ಏಳೋನು. ದೀಪಕ್ಕೆ ಗದ್ದೆ ಬುಟ್ಟೋನು ಅವನೇ ಅಂತೆ ಕಣಪ್ಪ."

ಕಟ್ಟೆಯ ಮೇಲಿದ್ದ ಚನ್ನಪ್ಪ ಕಾಂತರಾಜನ ಕಡೆ ಕಣ್ಣು ಹೊಡೆದ. "ಅಂಗಾರೆ ಇನ್ಮ್ಯಾಕೆ ಗುಡಿ ಬೀಗದಕೈನ ಗಂಗಯ್ಯನತ್ರನೇ ಈಸ್ಕಬೇಕು ಬುಡು!"

ಎಲ್ಲರೂ ನಕ್ಕರು. ಕಾಂತರಾಜನಿಗೆ ರೇಗಿತು. "ನಿಮ್ಮೋನ ಎಸ್ರು ನಮ್ಮ ಗುಡೀಲಾ? ಬಾಯ್ ಮುಚ್ಕಂಡ್ ಓಗ್ಲಾ!"

ಎಪ್ಪತ್ತು ದಾಟಿದ ಗಂಗಯ್ಯ ಟವಲು ಕೊಡವಿಕೊಂಡು ಹೊರಟುಹೋದ.

ಬೆಳಿಗ್ಗೆ ಕಾಂತರಾಜು ಗ್ರಾನೈಟ್ ಉಜ್ಜುವ ಗ್ರೈಂಡರ್ ತಂದ. ಕೇಳಿದವರಿಗೆ, ಸುಣ್ಣ ಕಿತ್ತು ಕ್ಲೀನ್ ಮಾಡುತ್ತಿದ್ದೇನೆ ಅಂದ. ಬಿಳಿ ಪುಡಿ ಹಾರಿತು. ಆಮೇಲೆ ಬೂದು ಪುಡಿ. ಸುಣ್ಣ ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಯಿತೆಂದು ಅವನ ಕೈಗೆ ಗೊತ್ತಾಯಿತು. ಕೈ ಎತ್ತಲಿಲ್ಲ. ಮೆತ್ತನೆಯ ಕಲ್ಲು, ಹತ್ತೇ ನಿಮಿಷ ಹಿಡಿಯಿತು.

ಮನೆಗೆ ಬಂದಾಗ ಹೆಂಡತಿ ಅನಸೂಯಮ್ಮ, "ಇದೇನಿದು, ಪೌಡ್ರು ಬಳ್ಕಂಡು ಯಾರ ಮದ್ವೆಗೋಗಿದ್ರಿ?" ಎಂದು ನಕ್ಕಳು. ಎರಡು ಸಲ ಮುಖ ತೊಳೆದರೂ ಹುಬ್ಬಿನಲ್ಲಿ ಪುಡಿ ಉಳಿದಿತ್ತು.

ಸೋಮವಾರ ನೇತ್ರಾ ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಲ್ಲಿ ಬಡಿದು, ಮಸಿ ಒತ್ತಿದರು. ಮೇಲೆಲ್ಲ ಬರೀ ಕಪ್ಪು. ಕೆಳಗೆ ಅರ್ಧ ಸಾಲು ಮಾತ್ರ ಬೆಳ್ಳಗೆ ಎದ್ದಿತ್ತು. ಅವರು ಬಗ್ಗಿ ಓದಿದರು: "ನಂದಾದೀವಿಗೆಗೆ ಬಿಟ್ಟ ಗದ್ದೆ... ಅಂದರೆ ದೀಪಕ್ಕೆ ಯಾರೋ ಗದ್ದೆ ಕೊಟ್ಟಿದ್ದಾರೆ. ಕೊಟ್ಟವರ ಹೆಸರು ಮೇಲಿನ ಸಾಲುಗಳಲ್ಲಿ ಇದ್ದಿರಬೇಕು." ಸುತ್ತ ನೋಡಿದರು. "ಯಾರು ಇದನ್ನ ಉಜ್ಜಿದ್ದು?"

ಬಾಗಿಲಲ್ಲಿ ನಿಂತಿದ್ದ ಚನ್ನಪ್ಪ ಒಳಗೆ ಚಾವಣಿಯಲ್ಲಿ ಕಡೆದ ಕಮಲ ನೋಡತೊಡಗಿದ. ಮೆಟ್ಟಿಲ ಕೆಳಗೆ ನಿಂತಿದ್ದ ಗಂಗಯ್ಯನಿಗೆ ಅವತ್ತು ಗ್ರೈಂಡರಿನ ಸದ್ದು ಕೇಳಿಸದೆ ಇರಲಿಲ್ಲ. ಆದರೂ ಅವನೇ ಬಾಯಿಬಿಟ್ಟ: "ಮಳೆ, ಬಿಸ್ಲು ತಾಯಿ. ಅಳೇ ಕಲ್ಲು, ಸವೀತದೆ."

ಬೈದಿದ್ದರೆ ಕಾಂತರಾಜು ತಿರುಗಿ ಎರಡು ಬೈಯುತ್ತಿದ್ದ. ಗಂಗಯ್ಯ ಹೀಗಂದದ್ದು ಕಾಂತರಾಜನ ಮಾನ ಕಾಯಲೋ, ಅವನಿಗೆ ಹೆದರಿಯೋ? ಎರಡರಲ್ಲಿ ಯಾವುದಾದರೂ ಕಾಂತರಾಜು ತಲೆ ಎತ್ತುವ ಹಾಗಿರಲಿಲ್ಲ. ಕಿವಿ ಕಾದ ಹಂಚಾಯಿತು.

"ಮಳೆ ಅಲ್ಲ ಮೇಡಂ, ನಾನು. ಸುಣ್ಣ ಕೀಳಾಕೆ ಅಂತ ಸುಳ್ಳೇಳ್ದೆ. ಇವರ ಇರೀಕನ ಎಸ್ರು ಇರಬಾರ್ದು ಅಂತ್ಲೇ ಉಜ್ಜಿದ್ದು."

ನೇತ್ರಾ ನೋಟ್‌ಬುಕ್ ತೆಗೆದು, "ಇದನ್ನ ನಾನು ಬರ್ಕೊಳ್ಳಲೇಬೇಕು" ಅಂದರು.

"ಬರ್ಕಳಿ. ನನ್ನ ಎಸ್ರು ಆಕೇ ಬರ್ಕಳಿ." ಮೆಟ್ಟಿಲ ಕಡೆ ತಿರುಗಿದ. "ಒಳೀಕ್ ಬಾ ಗಂಗಣ್ಣ, ಬಂದು ನೋಡು."

"ಈಗ ಏನೈತಪ್ಪ ನೋಡಾಕೆ?" ಅಂದ ಗಂಗಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಂತಲ್ಲೇ ನಿಂತು ನೇತ್ರಾಗೆ ಕೈಮುಗಿದ. "ಗದ್ದೆ ಬುಟ್ಟೋನು ನಮ್ಮ ಇರೀಕ ಅಂತ ಏಳ್ದ ನಮ್ಮ ತಾತನ ಎಸ್ರು ದ್ಯಾವಯ್ಯ. ಅದುನ್ನಾರಾ ಬರ್ಕಳವ್ವ."

ನೇತ್ರಾ ಬರೆದುಕೊಂಡು ನೋಟ್‌ಬುಕ್ಕನ್ನು ಇಬ್ಬರಿಗೂ ತೋರಿಸಿದರು. ಕಾಂತರಾಜು ಅಕ್ಷರ ಕೂಡಿಸಿ ಕೂಡಿಸಿ 'ದ್ಯಾವಯ್ಯ' ಎಂದು ಗಂಗಯ್ಯನಿಗೆ ಕೇಳುವ ಹಾಗೆ ಓದಿದ. ಅದರ ಕೆಳಗಿನ ಸಾಲಿನಲ್ಲಿ, ಕಲ್ಲು ಉಜ್ಜಿದವನೆಂದು, ಅವನದೇ ಹೆಸರಿತ್ತು. ಅದನ್ನು ಓದಲು ಬಾಯಿ ಬರಲಿಲ್ಲ.